ಯಾಳಿಯ ನಡಿಗೆ

ಎತ್ತು ನಡೆಯುವಾಗ ಯಾವ ಕಾಲಿನ ಬಳಿಕ ಯಾವ ಕಾಲನ್ನು ಎತ್ತಿಡುತ್ತದೆ? ಈ ಪ್ರಶ್ನೆಯನ್ನು ಉಪಾಧ್ಯಾಯ ಮಿತ್ರರು ತಮ್ಮ ತಮ್ಮ ತರಗತಿಗಳಲ್ಲಿ ಒಮ್ಮೆ ಕೇಳಿ ನೋಡಬೇಕು. ದಿನವೂ ದನಗಳ ಹಿಂದೆ ನಡೆದು ಬರುವ ಹುಡುಗನೂ ಕ್ಷಣಕಾಲ ಸುಮ್ಮನಾಗಿ, ಬಳಿಕ ನೆಲಕ್ಕೆ ಕೈಯೂರಿ, ತಾನೇ ಎತ್ತಾಗಿ ನೋಡಲು ತೊಡಗುತ್ತಾನೆ. ಪಂಡಿತರೂ ಕಲಾವಿದರೂ ಈ ವಿಷಯದಲ್ಲಿ ಹುಡುಗರಿಗಿಂತ ಮೇಲೆಂದು ಹೇಳುವಂತಿಲ್ಲ. ಹಂಗರಿ ದೇಶದ ಹೊರ್ವಾತ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ, ನಾಲ್ಕು ಕಾಲಿನ ಪ್ರಾಣಿಗಳು ನಡೆಯುತ್ತಿರುವಂತೆ ತೋರಿಸುವ ಒಂದು ಸಾವಿರ ಚಿತ್ರಗಳನ್ನೂ ಶಿಲ್ಪಗಳನ್ನೂ ಪರೀಕ್ಷಿಸಿ, 2012ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಆದಿಮಾನವರು ಗುಹೆಗಳಲ್ಲಿ ಬರೆದ ಚಿತ್ರಗಳಲ್ಲಿ ಕಾಲುಗಳ ತಪ್ಪು ನೂರಕ್ಕೆ ಸುಮಾರು 46. ಆಮೇಲಿನ ನಾಗರಿಕ ಕಲಾವಿದರಲ್ಲಿ, ಛಾಯಾಚಿತ್ರಗಳ ಸಾಕ್ಷ್ಯ ದೊರೆಯುವ ಮುಂಚೆ, ನೂರಕ್ಕೆ 83ಕ್ಕೂ ಮಿಗಿಲು! ಕಣ್ಣು ಮುಚ್ಚಿಕೊಂಡು ಕಾಲುಗಳನ್ನು ಇಟ್ಟಿದ್ದರೂ ತಪ್ಪು ನೂರಕ್ಕೆ 73ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತೆಂದು ಅವರ ಲೆಕ್ಕ. ಹಳೇಬೀಡಿಗೆ ಪ್ರವಾಸ ಹೋಗುವ ಶಾಲೆಗಳವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿಯ ಆನೆಗಳ ಸಾಲನ್ನೂ ಕುದುರೆಗಳ ಸಾಲನ್ನೂ ನೋಡಿದರೆ ಒಂದು ಮಧ್ಯಾಹ್ನ ಸಾರ್ಥಕವಾದೀತು.

ನನಗೆ ಈ ಜಿಜ್ಞಾಸೆ ಹುಟ್ಟಿದ್ದು ಗ್ರಂಥಗಳಿಂದಲ್ಲ, ಅಕ್ಕನ ಮಗನ ಕಷ್ಟದಿಂದ. ನಮ್ಮ ಮನೆ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿದೆ. ಒಂದು ಕಡೆ ಪಶ್ಚಿಮ ಘಟ್ಟದ ಗೋಡೆ. ಕೆಳಗೆ, 1895ರಲ್ಲಿ ಪೂರೈಸಿದ ಪೆರಿಯಾರ್ ಅಣೆಕಟ್ಟಿನ ನೀರು ಹರಿಯುವ ಗದ್ದೆಯ ಬಯಲು. ಅಲ್ಲಿ ತಲೆತಲಾಂತರದಿಂದ ನೆಲಸಿರುವ ಒಕ್ಕಲಿಗರ ಮನೆಗಳಲ್ಲಿ ಕನ್ನಡವು ಇಂದಿಗೂ ನಾಲಗೆಯ ಮೇಲಿದೆ. ಲೇಖನಿಯ ತುದಿಗೆ ಬಂದಿಲ್ಲ. ಶಾಲೆ, ಅಂಗಡಿ, ಕಚೇರಿ ಎಲ್ಲವೂ ತಮಿಳು. ನಾನು ಸೋದರಮಾವನ ಆಶ್ರಯದಲ್ಲಿ ತಾಳವಾಡಿಯ ಕಡೆಯ ಕನ್ನಡ ಶಾಲೆಯಲ್ಲಿ ಓದಿ, ಶಿಕ್ಷಕ ತರಬೇತಿಯನ್ನು ಮುಗಿಸಿ, ಆ ಸೀಮೆಯಲ್ಲಿಯೇ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾದವನು. ಪೊಂಗಲ್ ರಜೆಗೆ ಊರಿಗೆ ಹೋಗುವುದು ವಾಡಿಕೆ. ಅಕ್ಕನ ಮಗನಾದರೋ ದಿಂಡಿಗಲ್ಲಿನ ಕಾಲೇಜೊಂದರಲ್ಲಿ ಗಣಕಯಂತ್ರದ ವಿದ್ಯೆಯನ್ನು ಕಲಿಯುತ್ತಿದ್ದಾನೆ. ದಿಂಡಿಗಲ್ ಎಂದೊಡನೆ ಅನೇಕರಿಗೆ ಬೀಗಗಳ ನೆನಪಾಗುತ್ತದೆ. 1755ರಲ್ಲಿ ಹೈದರ್ ಅಲಿ ಮೈಸೂರಿನ ಫೌಜುದಾರನಾಗಿ ಬಂದದ್ದು ಆ ಊರಿಗೇ ಎಂಬುದನ್ನು ಕನ್ನಡಿಗರು ನೆನೆಯುವುದು ಅಪರೂಪ.

ಈ ಹುಡುಗನೂ ಅವನ ಮೂವರು ಸಹಪಾಠಿಗಳೂ ಸೇರಿ ಗಣಕಯಂತ್ರದ ಪರದೆಯ ಮೇಲೆ ಆಡುವ ಒಂದು ಆಟವನ್ನು ಕಟ್ಟುತ್ತಿದ್ದರು. ಕಲ್ಲಿನ ಮಂಟಪದಲ್ಲಿ ದಾರಿ ತಪ್ಪಿದ ಒಬ್ಬ ಬಾಲಕ. ಕಂಬದಿಂದ ಇಳಿದು ಅವನನ್ನು ಅಟ್ಟಿಸಿಕೊಂಡು ಬರುವ ಒಂದು ಯಾಳಿ. ಯಾಳಿಯೆಂದರೆ ಸಿಂಹದ ಮೈ, ಆನೆಯ ಸೊಂಡಿಲು, ಉಬ್ಬುಗಣ್ಣು ಉಳ್ಳ ಶಿಲ್ಪಿಗಳ ಮೃಗ. ಮಧುರೆಯಲ್ಲಿ ತಿರುಮಲೆ ನಾಯಕನು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಹೊಸ ಮಂಟಪದ ಕಂಬಗಳಲ್ಲಿ ಅದು ಹಿಂಗಾಲ ಮೇಲೆ ಎದ್ದು ನಿಂತಿರುವುದನ್ನು ನೋಡಿ ಬಂದು, ಹುಡುಗ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಅದನ್ನು ಮೂರು ಆಯಾಮಗಳಲ್ಲಿ ಕಡೆದಿದ್ದ. ನಿಂತಾಗ ಅದರ ಗಾಂಭೀರ್ಯವನ್ನು ಏನೆಂದು ಹೇಳಲಿ! ಸೊಂಡಿಲಿನ ಸುಕ್ಕು, ಕೊರಳ ಕೆಳಗೆ ಇಳಿಬಿದ್ದ ತೊಗಲು, ಬೆನ್ನ ಮೇಲಿನ ಕೇಸರದ ಸುರುಳಿ, ಯಾವುದರಲ್ಲೂ ಕುಂದಿರಲಿಲ್ಲ. ನಡೆಯತೊಡಗಿದರೆ ಮಾತ್ರ ಎದುರಿಗಿದ್ದವರು ನಕ್ಕುಬಿಡುತ್ತಿದ್ದರು. ಪಾದಗಳು ಎಣ್ಣೆಯ ಮೇಲೆ ಇಟ್ಟಂತೆ ಜಾರುತ್ತಿದ್ದುವು. ಕ್ಷಣಕ್ಕೊಮ್ಮೆ ಇಡೀ ಮೃಗ ಬಿಕ್ಕಳಿಸಿದಂತೆ ತಡೆದು ಮುಂದೆ ಹೋಗುತ್ತಿತ್ತು. ಅಷ್ಟು ದೊಡ್ಡ ಮೈ ಜಟಕಾ ಕುದುರೆಯಂತೆ ಪುಟಿಯುತ್ತಿತ್ತು. ಮುಂಗಾಲುಗಳಂತೂ ಮೇಜಿಗೆ ಜಡಿದ ಕಾಲುಗಳೇ.

ಮೂರು ವಾರದಿಂದ ಅವನು ಅದನ್ನು ತಿದ್ದುತ್ತಿದ್ದನಂತೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತಿತ್ತು. ರಜೆ ಮುಗಿದ ವಾರವೇ ಆಟವನ್ನು ಒಪ್ಪಿಸಬೇಕು. ಸಂಗಡಿಗರು ಬೇಸತ್ತು, ಯಾಳಿಯನ್ನು ಬಿಟ್ಟುಬಿಡೋಣ, ನಡಿಗೆಯೂ ಓಟವೂ ಕೂಡಿಸಿಯೇ ಇರುವ ಡೈನೋಸಾರ್ ಒಂದನ್ನು ಕೊಂಡು ಮಂಟಪದೊಳಗೆ ಬಿಡೋಣ ಎಂದು ತೀರ್ಮಾನಿಸುವುದರಲ್ಲಿದ್ದರು. ಅಂತಹ ಸಿದ್ಧ ಮೃಗಗಳು ಈಗ ಸಂತೆಯ ಬೊಂಬೆಗಳಂತೆ ಅಗ್ಗವಾಗಿ ದೊರೆಯುತ್ತವೆ. ನಾಯಕರ ಮಂಟಪದಲ್ಲಿ ಡೈನೋಸಾರ್ ಏತಕ್ಕೆ ಎಂದು ನಾನು ಕೇಳಿದೆ. ಹುಡುಗ ಉತ್ತರ ಕೊಡಲಿಲ್ಲ. ಅವನ ಮೋರೆಯನ್ನು ನೋಡಿ ನಾನೂ ಮತ್ತೆ ಕೇಳಲಿಲ್ಲ.

ಮೊದಲು ರೋಗವನ್ನು ಸರಿಯಾಗಿ ಹೆಸರಿಸಿದವರು ನನ್ನ ತಂದೆಯವರು. ಎಪ್ಪತ್ತೈದು ದಾಟಿದ ಅವರು ಬದುಕೆಲ್ಲ ಬೆಟ್ಟದ ದನಗಳನ್ನು ಮೇಯಿಸಿದವರು, ಗಣಕಯಂತ್ರವನ್ನು ಮುಟ್ಟಿದವರಲ್ಲ. ಪರದೆಯನ್ನು ಎರಡು ನಿಮಿಷ ನೋಡಿ, "ಇದು ನಡೆಯುತ್ತಿಲ್ಲ. ಯಾರೋ ಇದನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದಾರೆ, ಇದು ಸುಮ್ಮನೆ ಕಾಲಾಡಿಸುತ್ತಿದೆ" ಎಂದರು. ಅವರು ಹೇಳಿದ್ದು ಮನೆಯ ಕನ್ನಡದಲ್ಲಿ. ಹುಡುಗ ಎಂದಿನಂತೆ ತಮಿಳಿನಲ್ಲಿ, ಹೌದು ತಾತ, ಹಾಗೇ ನಡೆಯುತ್ತಿರುವುದು ಎಂದ. ಯಂತ್ರದೊಳಗೆ ನಡೆಯುತ್ತಿದ್ದುದೂ ಅಕ್ಷರಶಃ ಅದೇ. ಕಾಲುಗಳ ಚಲನೆಯನ್ನು ಒಂದು ತಂತ್ರಾಂಶದಲ್ಲಿ ಒಮ್ಮೆ ಮಾತ್ರ ರಚಿಸಿ ಸುತ್ತಿ ಸುತ್ತಿ ಆಡಿಸುತ್ತಾರೆ. ಮೈಯನ್ನು ಮುಂದಕ್ಕೆ ಸರಿಸುವ ಕೆಲಸ ಆಟದ ತಂತ್ರಾಂಶದ್ದು. ಇವೆರಡಕ್ಕೂ ಪರಸ್ಪರ ಪರಿಚಯವಿಲ್ಲ. ಪರಿಚಯ ಮಾಡಿಸಬೇಕಾದವನು ಕರ್ತೃ.

ಮಕ್ಕಳ ತಪ್ಪು ಲೆಕ್ಕವನ್ನು ತಿದ್ದುವಾಗ ನಾವು ಹಲಗೆಯನ್ನೆಲ್ಲ ಒರೆಸಿ ಮೊದಲಿನಿಂದ ಮಾಡೆನ್ನುವುದಿಲ್ಲ. ಯಾವ ಸಾಲಿನವರೆಗೆ ಸರಿಯಿದೆ ಎಂಬುದನ್ನು ನೋಡುತ್ತೇವೆ. ಇಲ್ಲಿಯೂ ಹಾಗೆಯೇ ಮಾಡೋಣವೆಂದೆ. ಮೊದಲು ಮೈಯನ್ನು ಸರಿಸುವುದನ್ನು ನಿಲ್ಲಿಸಿ, ಯಾಳಿಯನ್ನು ನಿಂತಲ್ಲಿಯೇ ನಡೆಯಿಸಿದೆವು. ಜಾರುವುದು ಕಾಣದಾಯಿತು, ಬಿಕ್ಕಳಿಕೆ ಹಾಗೆಯೇ ಉಳಿಯಿತು. ಎಂದ ಮೇಲೆ ಬಿಕ್ಕಳಿಕೆ ಕಾಲಿನ ಚಕ್ರದೊಳಗಿನ ದೋಷ, ಜಾರಿಕೆ ಕಾಲಿಗೂ ನೆಲಕ್ಕೂ ನಡುವಣ ದೋಷ. ಇಷ್ಟು ಬೇರ್ಪಡಿಸಿದೊಡನೆಯೇ ಹುಡುಗನ ಉಸಿರು ಸ್ವಲ್ಪ ಹಗುರಾಯಿತು.

ಬಿಕ್ಕಳಿಕೆಯ ಕಾರಣ ಎರಡನೆಯ ತರಗತಿಯ ಗಣಿತ. ಒಂದು ಪೂರ್ಣ ನಡಿಗೆಗೆ ಅವನು 24 ಫ್ರೇಮುಗಳನ್ನು, ಅಂದರೆ 24 ನಿಶ್ಚಲ ಚಿತ್ರಗಳನ್ನು ಇಟ್ಟಿದ್ದ. ಚಕ್ರ ಕೂಡಿಕೊಳ್ಳಲೆಂದು 25ನೆಯ ಚಿತ್ರವನ್ನು ಮೊದಲನೆಯದರಂತೆಯೇ ಮಾಡಿದ್ದ, ಅದೂ ಸರಿಯೆ. ಆದರೆ ಆಡಿಸುವಾಗ 1ರಿಂದ 25ರವರೆಗೆ ಆಡಿಸಿ ಮತ್ತೆ 1ಕ್ಕೆ ಬರುತ್ತಿದ್ದುದರಿಂದ ಒಂದೇ ಭಂಗಿ ಎರಡು ಸಲ ಬಂದು, ಸೆಕೆಂಡಿನ ಮೂವತ್ತನೆಯ ಒಂದು ಪಾಲು ಮೃಗ ತಡೆಯುತ್ತಿತ್ತು. ಮನುಷ್ಯನ ಕಣ್ಣು ಅಷ್ಟನ್ನೂ ಕ್ಷಮಿಸುವುದಿಲ್ಲ. ಮಕ್ಕಳನ್ನು ವೃತ್ತವಾಗಿ ನಿಲ್ಲಿಸಿ ಎಣಿಸುವಾಗ ಮೊದಲನೆಯವನನ್ನೇ ಕೊನೆಗೂ ಎಣಿಸುವ ಹುಡುಗ ಪ್ರತಿಯೊಂದು ತರಗತಿಯಲ್ಲಿಯೂ ಉಂಟಲ್ಲವೆ? 24ರಲ್ಲಿ ನಿಲ್ಲಿಸಿದೆವು, ಬಿಕ್ಕಳಿಕೆ ಹೋಯಿತು.

ಜಾರಿಕೆಗೆ ಭಾಗಾಕಾರ ಬೇಕಾಯಿತು. ಒಂದು ಕಾಲು ಊರಿದ ಜಾಗದಿಂದ ಅದೇ ಕಾಲು ಮತ್ತೆ ಊರುವ ಜಾಗದವರೆಗಿನ ದೂರ ಅವನ ರಚನೆಯಲ್ಲಿ 2 ಮೀಟರು. ಸೆಕೆಂಡಿಗೆ 30 ಫ್ರೇಮಿನಂತೆ 24 ಫ್ರೇಮು ಓಡಲು 0.8 ಸೆಕೆಂಡು. ಆದುದರಿಂದ ಈ ಕಾಲುಗಳು ಮೈಯನ್ನು ಒಯ್ಯಬಲ್ಲ ವೇಗ ಸೆಕೆಂಡಿಗೆ 2.5 ಮೀಟರು. ಆಟದೊಳಗೆ ಅವನು ಕೊಟ್ಟಿದ್ದ ವೇಗವೋ 4 ಮೀಟರು! ಉಳಿದ ಒಂದೂವರೆ ಮೀಟರನ್ನು ಪ್ರತಿ ಸೆಕೆಂಡಿನಲ್ಲಿಯೂ ಯಾಳಿ ಜಾರಿಯೇ ತೀರಬೇಕು. ತಂದೆಯವರು ಕಂಡ ಹಗ್ಗದ ಉದ್ದ ಇದು.

ಪುಟಿತದ ಮೂಲವನ್ನು ಕಂಡುಹಿಡಿಯಲು ಹೊತ್ತಾಯಿತು. ನಿಧಾನವಾಗಿ ಆಡಿಸಿ ನೋಡಿದಾಗ, ಎಡ ಹಿಂಗಾಲೂ ಬಲ ಮುಂಗಾಲೂ ಒಟ್ಟಿಗೆ ಏಳುತ್ತಿದ್ದುವು, ಮತ್ತೆ ಬಲ ಹಿಂಗಾಲೂ ಎಡ ಮುಂಗಾಲೂ. ಇದು ನಡಿಗೆಯಲ್ಲ, ಕುದುರೆಯ ದುಡುಕಿನ ಓಟ. ಎಲ್ಲಿಂದ ಬಂತು ಇದು? ಅವನು ಮನುಷ್ಯನ ಸಿದ್ಧ ನಡಿಗೆಯೊಂದನ್ನು ತೆಗೆದುಕೊಂಡು, ಕೈಗಳ ಚಲನೆಯನ್ನು ಮುಂಗಾಲುಗಳಿಗೆ ಕೊಟ್ಟಿದ್ದ. ನಾವು ನಡೆಯುವಾಗ ಎಡಗಾಲಿನೊಡನೆ ಬಲಗೈ ಮುಂದೆ ಬರುತ್ತದೆ. ಮನುಷ್ಯನನ್ನು ಬಗ್ಗಿಸಿ ನಾಲ್ಕು ಕಾಲಿನವನನ್ನಾಗಿ ಮಾಡಿದರೆ ಸಿಗುವುದು ಕುದುರೆಯ ಓಟ! ನೆಲಕ್ಕೆ ಕೈಯೂರಿ ಎತ್ತಾಗಲು ಹೋಗುವ ನಮ್ಮ ಶಾಲೆಯ ಹುಡುಗನೂ ಇಲ್ಲಿಯೇ ಎಡವುವುದು.

ಈ ಗಂಟನ್ನು ಜಗತ್ತಿಗೆ ಬಿಡಿಸಿ ತೋರಿಸಿದವನು ಮೈಬ್ರಿಜ್ ಎಂಬ ಛಾಯಾಚಿತ್ರಕಾರ. 1878ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಅವನು ಸಾಲಾಗಿ ಕ್ಯಾಮೆರಾಗಳನ್ನು ನಿಲ್ಲಿಸಿ, ಓಡುವ ಕುದುರೆಯೇ ತಂತಿಗಳನ್ನು ತಾಗಿ ತನ್ನ ಚಿತ್ರಗಳನ್ನು ತಾನೇ ತೆಗೆಸಿಕೊಳ್ಳುವಂತೆ ಮಾಡಿದ. 1887ರಲ್ಲಿ ಪ್ರಾಣಿಗಳ ಚಲನೆಯನ್ನು ಕುರಿತು 781 ಚಿತ್ರಫಲಕಗಳ ಮಹಾಸಂಗ್ರಹವನ್ನೇ ಹೊರತಂದ. ಅವನ ಫಲಕಗಳನ್ನು ನಾವು ದೂರವಾಣಿಯ ಪರದೆಯಲ್ಲಿಯೇ ನೋಡಬಹುದಿತ್ತು. ಆದರೆ ಹಿತ್ತಿಲಿನಲ್ಲಿ ದನಗಳಿರುವಾಗ ಕ್ಯಾಲಿಫೋರ್ನಿಯದ ಕುದುರೆ ಏಕೆ?

ಮರುದಿನ ಬೆಳಗ್ಗೆ ಮೂವರೂ ಹಿಂಡಿನ ಹಿಂದೆ ಹೋದೆವು. ಹಿಂಡು ಎಂದೆನಷ್ಟೆ, ಈಗ ಮನೆಯಲ್ಲಿರುವುದು ಹನ್ನೊಂದೇ ತಲೆ. ನನ್ನ ಬಾಲ್ಯದಲ್ಲಿ ಅರುವತ್ತಕ್ಕೆ ಕಡಮೆ ಇರಲಿಲ್ಲ. ನಮ್ಮ ಕಣಿವೆಯ ಬೆಟ್ಟದ ದನಗಳು ಕೊಟ್ಟಿಗೆಯಲ್ಲಿ ಬೆಳೆಯುವಂಥವಲ್ಲ. ಘಟ್ಟದ ಕಾಡಿನಲ್ಲಿ ಮೇದು, ಕುಯಿಲಾದ ಹೊಲಗಳಲ್ಲಿ ರಾತ್ರಿ ಮಂದೆಯಾಗಿ ತಂಗಿ, ನೆಲಕ್ಕೆ ಗೊಬ್ಬರವನ್ನು ಕೊಡುವಂಥವು. 2021ರಲ್ಲಿ ಮೇಘಮಲೈ ಕಾಡು ಶ್ರೀವಿಲ್ಲಿಪುತ್ತೂರಿನ ಕಾಡಿನೊಡನೆ ಸೇರಿ ಹುಲಿಗಳ ರಕ್ಷಿತಾರಣ್ಯವಾಯಿತು. 2022ರ ಮಾರ್ಚಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಕಾಡಿನಲ್ಲಿ ದನ ಮೇಯಿಸುವುದನ್ನು ಮೊದಲು ರಾಜ್ಯದ ಎಲ್ಲ ಅರಣ್ಯಗಳಲ್ಲಿಯೂ ನಿಷೇಧಿಸಿ, ಅದೇ ತಿಂಗಳಲ್ಲಿ ಆ ಆಜ್ಞೆಯನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿಗಳ ರಕ್ಷಿತಾರಣ್ಯಗಳಿಗೆ ಸೀಮಿತಗೊಳಿಸಿತು. ಹುಲಿಯೂ ಬಾಳಬೇಕು, ನಿಜ. ಆದರೆ ಮೇಲೆ ಹೋಗಲಾರದ ದನವನ್ನು ಕೆಳಗೆ ಯಾರೂ ಬಹುಕಾಲ ಸಾಕಲಾರರು. ತಂದೆಯವರು ಒಂದೊಂದಾಗಿ ಮಾರಿ ಉಳಿಸಿಕೊಂಡವು ಈ ಹನ್ನೊಂದು. ಮಾಟ್ಟುಪೊಂಗಲಿನ ದಿನ ಕಂಬಂ ಊರಿನ ನಂದಗೋಪಾಲನ ಗುಡಿಯಲ್ಲಿ ದನಗಳಿಗೆ ಪೂಜೆ ಸಲ್ಲಿಸಲು ಜನ ಇಂದಿಗೂ ಕಿಕ್ಕಿರಿದು ನೆರೆಯುತ್ತಾರೆ.

ಕಾಲುವೆಯ ಏರಿಯ ಮೇಲೆ ಕೆಸರು ಹದವಾಗಿತ್ತು. ಹುಡುಗ ತನ್ನ ದೂರವಾಣಿಯಲ್ಲಿ ಚಲಚ್ಚಿತ್ರವನ್ನು ತೆಗೆದ. ನಾನು ಹೆಜ್ಜೆಗಳನ್ನು ಅಳೆದೆ. ತಂದೆಯವರು ಬಾಯಿಯಲ್ಲಿ ತಾಳ ಹಾಕಿದರು. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು: ನಾಲ್ಕು ಪೆಟ್ಟು, ನಾಲ್ಕಕ್ಕೂ ಸರಿಸುಮಾರು ಒಂದೇ ಅಂತರ. ಮುಂಗಾಲು ಎದ್ದ ಗುರುತಿನ ಬಳಿಯಲ್ಲಿಯೇ ಅದೇ ಪಕ್ಕದ ಹಿಂಗಾಲು ಬಂದು ಊರುತ್ತಿತ್ತು. ಹಿಂಗಾಲು ಹತ್ತಿರ ಬರುವುದಕ್ಕೂ ಮುಂಗಾಲು ಜಾಗ ಬಿಡುವುದಕ್ಕೂ ಸರಿಹೋಗುತ್ತಿತ್ತು. ಆ ಗೂಳಿಯ ಒಂದು ಪೂರ್ಣ ನಡೆ ಒಂದೂವರೆ ಮೀಟರು. ಹತ್ತು ನಡೆಗಳಿಗೆ 13 ಸೆಕೆಂಡು.

ಯಾಳಿ ಈ ಗೂಳಿಯ ಎರಡು ಪಾಲು ಎತ್ತರ. ಆದುದರಿಂದ ನಡೆ 3 ಮೀಟರು ಆಗಲಿ. ಹೊತ್ತೂ ಎರಡು ಪಾಲಾಗಬೇಕೆ? ಆಗಬೇಕಾಗಿಲ್ಲ. ತೂಗುಗುಂಡಿನ ಪಾಠವನ್ನು ಹುಡುಗನಿಗೆ ನೆನಪಿಗೆ ತಂದೆ: ದಾರವನ್ನು ನಾಲ್ಕು ಪಾಲು ಉದ್ದ ಮಾಡಿದರೆ ತೂಗುವ ಹೊತ್ತು ಎರಡೇ ಪಾಲಾಗುತ್ತದೆ, ಎರಡು ಪಾಲು ಉದ್ದಕ್ಕೆ ಸುಮಾರು 1.4 ಪಾಲು. ತೂಗುವ ಕಾಲೂ ಬಹುಮಟ್ಟಿಗೆ ಈ ನಿಯಮಕ್ಕೇ ಒಳಪಟ್ಟಿದೆ. ಆನೆಯ ಕಾಲು ಮೇಕೆಯ ಕಾಲಿನಂತೆ ಟಕಟಕನೆ ಆಡದಿರುವುದು ಇದರಿಂದಲೇ. 1.3ನ್ನು 1.4ರಿಂದ ಗುಣಿಸಿದರೆ 1.8 ಸೆಕೆಂಡಿಗೆ ಸ್ವಲ್ಪ ಮೇಲೆ, ಅಂದರೆ 54 ಅಥವಾ 55 ಫ್ರೇಮು. ನಾಲ್ಕರಿಂದ ಶೇಷವಿಲ್ಲದೆ ಭಾಗವಾಗಲಿ ಎಂದು 56ನ್ನು ಆರಿಸಿದೆವು. 1, 15, 29, 43ನೆಯ ಫ್ರೇಮುಗಳಲ್ಲಿ ಒಂದೊಂದು ಕಾಲು ನೆಲ ಮುಟ್ಟಬೇಕು. ಆಟದೊಳಗಿನ ವೇಗ ಸೆಕೆಂಡಿಗೆ 1.6 ಮೀಟರು.

ರಾತ್ರಿ ಊಟವಾದ ಮೇಲೆ ಹುಡುಗ ಕುಳಿತವನು ಬೆಳಗಿನ ಜಾವ ನನ್ನನ್ನು ಎಬ್ಬಿಸಿದ. ಪಾದಗಳು ಊರಿದಲ್ಲಿ ಊರಿದ್ದುವು! ಆದರೆ ಭಾರ ಬಂದಿರಲಿಲ್ಲ. ಮೈ ನಾಲ್ಕು ಕಾಲುಗಳ ಮೇಲೆ ಪಲ್ಲಕ್ಕಿಯಂತೆ ತೇಲುತ್ತಿತ್ತು. ಈ ಸಲ ತಂದೆಯವರು ಅಂಗಳಕ್ಕೆ ಕರೆದೊಯ್ದು ಗೂಳಿಯ ಹೆಗಲಿನ ಮೇಲೆ ಹುಡುಗನ ಅಂಗೈಯನ್ನು ಇರಿಸಿ, ಗೂಳಿಯನ್ನು ನಡೆಸಿದರು. ಕಾಲೂರಿದಾಗಲೆಲ್ಲ ಹೆಗಲಿನ ಎಲುಬು ತೊಗಲಿನ ಕೆಳಗೆ ಮೇಲೆದ್ದು, ಕಾಲೆತ್ತಿದಾಗ ಇಳಿದು ಮುಂದೆ ಸರಿಯುವುದು ಕೈಗೆ ತಾಗಿತು. ದನಕ್ಕೆ ನಮ್ಮಂತೆ ಕೊರಳೆಲುಬಿನ ಕಟ್ಟಿಲ್ಲ. ಎರಡು ಹೆಗಲೆಲುಬುಗಳ ನಡುವೆ ಅದರ ಮುಂಡ ಮಾಂಸಖಂಡಗಳಿಂದ ತೂಗುಬಿದ್ದಿರುತ್ತದೆ. ಹುಡುಗನ ಅಸ್ಥಿಪಂಜರದಲ್ಲಿ ಹೆಗಲೆಲುಬೇ ಇರಲಿಲ್ಲ. ಮುಂಗಾಲು ನೇರವಾಗಿ ಬೆನ್ನೆಲುಬಿಗೆ ಜಡಿದಿತ್ತು. ಮೇಜಿನ ಕಾಲೆಂದು ನಮಗೆ ಕಂಡದ್ದು ಅದೇ. ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿ ಕಾಣುವುದು ಮಂಡಿಯಲ್ಲ, ಹಿಮ್ಮಡಿ; ನಿಜವಾದ ಮಂಡಿ ಹೊಟ್ಟೆಯ ಪಕ್ಕದಲ್ಲಿ ಅಡಗಿದೆ ಎಂಬುದನ್ನೂ ಅಲ್ಲಿಯೇ ಮುಟ್ಟಿ ತಿಳಿದ. ಇನ್ನೊಂದು ಸಣ್ಣ ದೋಷ: ಪಾದವನ್ನು ನೆಲಕ್ಕೆ ನಾಟಿ ಮೇಲಿನ ಕೀಲುಗಳನ್ನು ಯಂತ್ರವೇ ಲೆಕ್ಕ ಹಾಕುವ ಕ್ರಮವೊಂದುಂಟು. ಪಾದ ಕಾಲಿನ ಉದ್ದವನ್ನು ಮೀರಿ ದೂರ ಹೋದರೆ ಮಂಡಿ ಸೆಟೆದು ಪಟಕ್ಕನೆ ಸಿಡಿಯುತ್ತದೆ. ಮೈಯನ್ನು ನಾಲ್ಕು ಬೆರಳು ತಗ್ಗಿಸಿದ್ದೇ ತಡ, ಸಿಡಿತ ನಿಂತಿತು. ಭಾರವೂ ತಾನಾಗಿ ಬಂದಂತಾಯಿತು. ತೂಗುವ ಅಂಗಗಳಾದ ಸೊಂಡಿಲು, ಬಾಲ, ಕೊರಳ ತೊಗಲು ಇವು ಕಾಲಿನೊಡನೆ ಅಲ್ಲ, ಕಾಲಿಗಿಂತ ಸ್ವಲ್ಪ ತಡವಾಗಿ ಆಡಬೇಕೆಂಬುದು ತಂದೆಯವರ ಕೊನೆಯ ತಿದ್ದುಪಡಿ.

ಆ ಅಸ್ಥಿಪಂಜರದ ಪ್ರತಿಯೊಂದು ಎಲುಬಿಗೂ ಒಂದು ಹೆಸರು ಕೊಡಬೇಕು. ಇಲ್ಲದಿದ್ದರೆ ಯಂತ್ರಕ್ಕೆ ಎಡಬಲ ತಿಳಿಯದು. ಹೊಸದಾಗಿ ಸೇರಿಸಿದ ಎಲುಬುಗಳಿಗೆ ಹುಡುಗ ಅವಸರದಲ್ಲಿ ತಾತ ಹೇಳಿದ ಹೆಸರುಗಳನ್ನೇ ಕೊಟ್ಟಿದ್ದ. ಹೆಗಲು, ಹಿಮ್ಮಡಿ, ಗಂಗೆದೊಗಲು ಎಂಬ ಮಾತುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಾಗಿ ಕುಳಿತಿರುವುದನ್ನು ನೋಡಿ ನಾನು ಏನನ್ನೂ ಹೇಳಲಿಲ್ಲ. ಮಾರನೆಯ ದಿನ ಅವನೇ ಬಂದು, ಗಂಗೆದೊಗಲನ್ನು ಕನ್ನಡದಲ್ಲಿ ಹೇಗೆ ಬರೆಯುತ್ತಾರೆ ಎಂದು ಕೇಳಿದ. ಬರೆದು ತೋರಿಸಿದೆ.

ಸಂಗಡಿಗರು ಯಾಳಿಯನ್ನು ಉಳಿಸಿಕೊಂಡರು. ಆದರೆ ಸೆಕೆಂಡಿಗೆ 1.6 ಮೀಟರಿನಲ್ಲಿ ಬರುವ ಮೃಗದಿಂದ ಯಾವ ಬಾಲಕನೂ ಸುಲಭವಾಗಿ ತಪ್ಪಿಸಿಕೊಂಡಾನು ಎಂಬ ಅವರ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿ ಬೇರೊಂದು ವೇಗದ ನಡೆಯನ್ನು ರಚಿಸಬೇಕಾಯಿತು. ಎಷ್ಟೇ ವೇಗವಾಗಿ ಹೋದರೂ ಆನೆಯ ನಾಲ್ಕು ಕಾಲುಗಳೂ ಒಮ್ಮೆಲೇ ನೆಲವನ್ನು ಬಿಡುವುದಿಲ್ಲವಾದುದರಿಂದ, ಸೊಂಡಿಲುಳ್ಳ ಮೃಗಕ್ಕೆ ಅದೇ ಯೋಗ್ಯವೆಂದು ತೀರ್ಮಾನವಾಯಿತು. ಅದರ ಲೆಕ್ಕವನ್ನು ಹುಡುಗ ದಿಂಡಿಗಲ್ಲಿನಿಂದ ದೂರವಾಣಿಯಲ್ಲಿ ಒಪ್ಪಿಸಿದ, ಭಾಗಾಕಾರ ಸರಿಯಾಗಿತ್ತು.

ತಿರುವಿನಲ್ಲಿ ಮಾತ್ರ ಒಳಪಕ್ಕದ ಹಿಂಗಾಲು ಇನ್ನೂ ಜಾರುತ್ತದೆ. ದನ ತಿರುಗುವಾಗ ಒಳಗಿನ ಹೆಜ್ಜೆ ಚಿಕ್ಕದು, ಹೊರಗಿನದು ದೊಡ್ಡದು. ಎಷ್ಟು ಚಿಕ್ಕದು, ಎಷ್ಟು ದೊಡ್ಡದು ಎಂಬುದು ಬೇಕು. ಹಿಂಡು ಕಾಲುವೆಯ ಮೂಲೆಯಲ್ಲಿ ತಿರುಗುವಾಗ ಅಳೆದಿಡಬೇಕೆಂದು ಅವನು ತಾತನಿಗೆ ಹೇಳಿಕಳುಹಿಸಿದ್ದಾನೆ, ಈ ಸಲ ಕನ್ನಡದಲ್ಲಿಯೇ. ತಂದೆಯವರು ಅಳತೆಪಟ್ಟಿ ಬೇಡವೆಂದು, ಒಂದು ನಾರಿನ ಹುರಿಯಲ್ಲಿ ಹೆಜ್ಜೆಗೊಂದರಂತೆ ಗಂಟು ಹಾಕಿ ಗೂಟಕ್ಕೆ ತೂಗುಹಾಕಿದ್ದಾರೆ.